ಗ್ರಿಲ್ಲೇ ಬಸಳೆ ಚಪ್ಪರ

ಮುಂಬಯಿಯಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಹಿತ್ತಲೆಂದರೆ ಕಿಟಕಿಯ ಗ್ರಿಲ್. ಗಿಡ ಇಡೋಣವೆಂದರೆ ಎರಡು ಭಯ. ಭಾರಕ್ಕೆ ಗ್ರಿಲ್ ಜಗ್ಗಿದರೆ? ಕೆಸರುನೀರು ತೊಟ್ಟಿಕ್ಕಿ ಕೆಳಗಿನ ಮನೆಯವರ ಬಟ್ಟೆ ಕೊಳೆಯಾದರೆ? ಭಯ ಸುಳ್ಳಲ್ಲ. 15 ಲೀಟರಿನ ಬಕೆಟ್ಟಿನ ತುಂಬ ಮಣ್ಣು ಹಾಕಿ ನೀರೆರೆದರೆ ತೂಕ 20 ಕಿಲೋ ದಾಟುತ್ತದೆ.

ಇದಕ್ಕೆ ಉಪಾಯ ತೋರಿಸಿದವರು ಈ ನಗರದವರೇ. ಬಾಂದ್ರಾದ ಡಾ. ಆರ್.ಟಿ. ದೋಶಿ ತಮ್ಮ ತಾರಸಿಯಲ್ಲಿ ಮಣ್ಣು ಕಡಿಮೆ ಮಾಡಿ, ಕಬ್ಬಿನ ಸಿಪ್ಪೆ, ಕಾಂಪೋಸ್ಟ್ ತುಂಬಿ ಹಣ್ಣು-ತರಕಾರಿ ಬೆಳೆದರು. ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ಸುಮಾರು 3,000 ಚದರಡಿ ತಾರಸಿಯಲ್ಲಿ ಪ್ರೀತಿ ಪಾಟೀಲ್ ಮತ್ತು ಸಿಬ್ಬಂದಿ ಅಡುಗೆಮನೆಯ ಹಸಿಕಸದಿಂದಲೇ ತೋಟ ಎಬ್ಬಿಸಿದರು.

ಅದನ್ನೇ ನಾನು ಗ್ರಿಲ್ಲಿಗೆ ಹೊಂದಿಸಿಕೊಂಡಿದ್ದೇನೆ. ಕಬ್ಬಿನ ಹಾಲಿನ ಅಂಗಡಿಯಿಂದ ಸಿಪ್ಪೆ ತಂದು, ತೊಳೆದು ಒಣಗಿಸುತ್ತೇನೆ. ಇಲ್ಲವಾದರೆ ಇರುವೆ ಮುತ್ತುತ್ತದೆ. ತೂತು ಮಾಡಿದ ಬಕೆಟ್ಟಿನ ಅರ್ಧಕ್ಕೆ ಸಿಪ್ಪೆ, ಮೇಲೆ ಕಾಂಪೋಸ್ಟ್, ಎರಡು ಮುಷ್ಟಿ ಮಣ್ಣು, ಅಡಿಯಲ್ಲಿ ತಟ್ಟೆ. ಸಿಪ್ಪೆ ಕೊಳೆತು ಕುಗ್ಗಿದಂತೆ ಮೇಲಿನಿಂದ ತುಂಬಬೇಕು. ತುರ್ತಿಗೆ ತೆರೆಯುವ ಗ್ರಿಲ್ಲಿನ ಬಾಗಿಲಿಗೆ ಮಾತ್ರ ಏನನ್ನೂ ಅಡ್ಡ ಇಡಬಾರದು.

ನೆಡಲು ಬಸಳೆಯೇ ಸುಲಭ. ದಂಟು ಊರಿದರೆ ಚಿಗುರುತ್ತದೆ, ಗ್ರಿಲ್ಲೇ ಚಪ್ಪರವಾಗುತ್ತದೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಮಾಯಾಳು ಎಂಬ ಹೆಸರಿನಲ್ಲಿ ಸಿಗುವುದೂ ಇದೇ. ಆದರೆ ಪೇಟೆಯ ಕಟ್ಟಿಗೂ ಆಗ ತಾನೆ ಕೊಯ್ದ ದಂಟಿಗೂ ರುಚಿಯಲ್ಲಿ ಅಂತರವಿದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು, ಪದಾರ್ಥಕ್ಕೆ ಬೀಳುವ ಎಲೆ ಬಳ್ಳಿಯಲ್ಲಿ ಹಬ್ಬುವುದನ್ನು ಮನೆಯಲ್ಲೇ ನೋಡಲಿ. ಮುಂದಿನ ಸಲ ಊರಿನಿಂದ ಬರುವಾಗ ಹಲಸಿನ ಹಪ್ಪಳದ ಜೊತೆ ಚೀಲದಲ್ಲಿ ಒಂದು ಗೇಣು ಬಸಳೆ ದಂಟೂ ಇರಲಿ.