ನೆರವು ನಿಲ್ಲಿಸಲಿ, ಆದರೆ ರಾತ್ರೋರಾತ್ರಿ ಯಾಕೆ?

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಒಮ್ಮೆ ಕೇಳಿ ನೋಡಿ, ಶಾಲೆಯಲ್ಲಿ ಹಳದಿ ಉಪ್ಪಿಟ್ಟು ತಿಂದ ನೆನಪಿದೆಯಾ ಅಂತ. ‘ಕೇರ್ ಉಪ್ಪಿಟ್ಟು’ ಅಂತಲೇ ಅದರ ಹೆಸರು. ಕೇರ್ ಅನ್ನುವುದು ಅಮೆರಿಕದ ಸಂಸ್ಥೆ. ಅದು ಕೊಡುತ್ತಿದ್ದ ಕಾಳುಕಡಿ ಅಲ್ಲಿಂದ ಹಡಗಿನಲ್ಲಿ ಬರುತ್ತಿತ್ತು. ಹಾಗಾಗಿ ವಿದೇಶಿ ನೆರವು ಅಂದರೆ ನಮಗೆ ಸಂಬಂಧವಿಲ್ಲದ ಸುದ್ದಿ ಅನ್ನುವಂತಿಲ್ಲ.

ಈಗ ಆ ನೆರವಿಗೆ ಕತ್ತರಿ ಬಿದ್ದಿದೆ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ಮಾರ್ಚ್ ಹೊತ್ತಿಗೆ ಯುಎಸ್‌ಏಡ್ ಸಂಸ್ಥೆಯ ಶೇ 83ರಷ್ಟು ಯೋಜನೆಗಳು ರದ್ದಾದವು. ಜುಲೈ 1ಕ್ಕೆ ಸಂಸ್ಥೆಗೇ ಬೀಗ ಬಿತ್ತು. ಬ್ರಿಟನ್ ಕೂಡ ಸೈನ್ಯಕ್ಕೆ ದುಡ್ಡು ಬೇಕೆಂದು, ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. 1970ರಲ್ಲಿ ವಿಶ್ವಸಂಸ್ಥೆ ಇಟ್ಟ ಗುರಿ ಶೇ 0.7.

“ಅವರ ದುಡ್ಡು, ಅವರಿಷ್ಟ” ಅನ್ನುವವರು ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಇದ್ದಾರೆ. ಅವರನ್ನು ನಾವು ಕೇಳುವುದಿಷ್ಟೇ: ಭತ್ತ ತೆನೆ ಕಟ್ಟುವ ಹೊತ್ತಿಗೆ ನಾಲೆ ನೀರು ನಿಲ್ಲಿಸಿದರೆ “ನೀರು ಸರ್ಕಾರದ್ದು, ಅದರಿಷ್ಟ” ಅಂತ ಸುಮ್ಮನಿರುತ್ತೀರಾ? ಮೊದಲೇ ಹೇಳಿದ್ದರೆ ಬೇರೆ ಬೆಳೆ ಹಾಕಿಕೊಳ್ಳುತ್ತಿದ್ದೆವು ಅಂತ ಜಗಳಕ್ಕೆ ಹೋಗುವುದಿಲ್ಲವಾ?

ಎಚ್‌ಐವಿ ಮಾತ್ರೆಯ ಕಥೆಯೂ ಹೀಗೇ. ದಿನಾ ನುಂಗಬೇಕು. ಬಿಟ್ಟರೆ ಅಡಗಿದ್ದ ವೈರಸ್ ಮತ್ತೆ ತಲೆ ಎತ್ತುತ್ತದೆ. ಆಫ್ರಿಕಾದ ಲಕ್ಷಾಂತರ ಜನ ಆ ಮಾತ್ರೆಗೆ 2003ರಲ್ಲಿ ಶುರುವಾದ ಅಮೆರಿಕದ ಯೋಜನೆಯನ್ನೇ ನಂಬಿದ್ದರು. ಸುಡಾನ್‌ನಲ್ಲಿ ಯುದ್ಧದ ನಡುವೆ ಊರವರೇ ನಡೆಸುತ್ತಿದ್ದ ನೂರಾರು ಊಟದ ಕೇಂದ್ರಗಳ ಒಲೆ ಆರಿತು. ದುಬೈ ಗೋದಾಮಿನಲ್ಲಿ ಹಸಿದ ಮಕ್ಕಳಿಗೆಂದು ಇಟ್ಟಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ಹಂಚದೆ ಅವಧಿ ಮೀರಿತು. ಅದನ್ನು ಸುಡುವುದಕ್ಕೇ ಸುಮಾರು 1.3 ಲಕ್ಷ ಡಾಲರ್ ಖರ್ಚು! ಇದನ್ನು ಉಳಿತಾಯ ಅನ್ನುವವರಿಗೆ ಏನು ಹೇಳೋಣ?

ಹಾಗಂತ ನೆರವು ಕೊಡುವವರು ಧರ್ಮಾತ್ಮರು ಅಂತ ನಾವು ಹೇಳುತ್ತಿಲ್ಲ. 1965-66ರ ಬರಗಾಲದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಬೇಕು, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಅವರ ಲೆಕ್ಕ. ಆ ಅವಮಾನ ನುಂಗಿಕೊಂಡೇ ದೇಶ ಸ್ವಂತ ಗೋಧಿ ಬೆಳೆಯಲು ಹಠ ಹಿಡಿಯಿತು. ಆದರೆ ಹಡಗು ಪೂರ್ತಿ ನಿಲ್ಲಲಿಲ್ಲ, ಹಸಿರು ಕ್ರಾಂತಿ ಕಾಲೂರುವಷ್ಟು ಸಮಯ ನಮಗೆ ಸಿಕ್ಕಿತು. ಇವತ್ತು ಸುಡಾನ್‌ಗೆ ಸಿಗದೇ ಇರುವುದು ಆ ಸಮಯವೇ.

ಪಡೆಯುವ ದೇಶಗಳದ್ದೂ ತಪ್ಪಿದೆ. 2001ರಲ್ಲಿ ಅಬುಜಾದಲ್ಲಿ ಸೇರಿದ್ದ ಆಫ್ರಿಕಾದ ನಾಯಕರು ಬಜೆಟ್ಟಿನ ಶೇ 15 ಭಾಗ ಆರೋಗ್ಯಕ್ಕೆ ಇಡುತ್ತೇವೆ ಅಂದಿದ್ದರು. ಹೆಚ್ಚಿನವರು ಮಾತು ಉಳಿಸಿಕೊಳ್ಳಲಿಲ್ಲ. ಅದನ್ನು ಅಲ್ಲಿನ ಜನ ಕೇಳಬೇಕು, ಕೇಳಲಿ. ಆದರೆ ಮಂತ್ರಿಗಳ ತಪ್ಪಿಗೆ ಕೂಸುಗಳಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ?

ಕೈಸಾಲ ಕೊಟ್ಟವರೂ ವಾಪಸ್ ಕೇಳುವಾಗ ಒಂದು ಗಡುವು ಕೊಡುತ್ತಾರೆ. ಶ್ರೀಮಂತ ದೇಶಗಳೂ ಕೊಡಲಿ. “ನೆರವು ನಿಂತಿದ್ದು ಒಳ್ಳೇದೇ ಆಯ್ತು” ಅನ್ನುವ ಫಾರ್ವರ್ಡ್ ನಿಮ್ಮ ಮೊಬೈಲಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಮನೆಯ ಹಿರಿಯರ ಹತ್ತಿರ ಆ ಹಳದಿ ಉಪ್ಪಿಟ್ಟಿನ ಕಥೆ ಕೇಳಿ.