ಮೇಷ್ಟ್ರಿಗೆ ಓದಲು ಒಂದು ಬೇಸಿಗೆ ಕೊಡಿ

ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠ ಹೇಳುವ ಮೇಷ್ಟ್ರುಗಳಿಗೆ ಪ್ರತಿ ಬೇಸಿಗೆ ತರಬೇತಿ ಶಿಬಿರಗಳು ನಡೆಯುತ್ತವೆ. ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಎಲ್ಲರ ಬಾಯಲ್ಲಿ ಎಪಿ, ಎಂಬ ಕೋರ್ಸುಗಳಿಗಾಗಿ ನಡೆಯುವ ಈ ಶಿಬಿರಗಳನ್ನು ಎಪಿ ಸಮ್ಮರ್ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. ನಾನು ಇಲ್ಲಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ಎಪಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಇಂಥ ಶಿಬಿರಗಳಿಗೆ ಹೋಗಿ ಬಂದಿದ್ದೇನೆ, ಸರ್ಟಿಫಿಕೇಟುಗಳೂ ಇವೆ. ಸಾಹಿತ್ಯದ ಮೇಷ್ಟ್ರುಗಳಿಗೆ ಅಲ್ಲಿ ಸಾಹಿತ್ಯವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಸಿಗುತ್ತದೆ ಎಂಬುದು ನನ್ನ ತಕರಾರು.

ದೂರದೇಶದ ಮೇಷ್ಟ್ರುಗಳ ಗೊಣಗಾಟದಿಂದ ನಮಗೇನಾಗಬೇಕು ಎಂದು ನಿಮಗೆ ಅನ್ನಿಸಬಹುದು. ಆದರೆ ಫ್ರೀಮಾಂಟ್‌ನಲ್ಲೋ ಎಡಿಸನ್‌ನಲ್ಲೋ ಇರುವ ಕನ್ನಡದವರ ಮನೆಗೆ ಊಟಕ್ಕೆ ಹೋಗಿ ನೋಡಿ. ಸಾರು ಬಡಿಸುವುದರೊಳಗೆ "ನಿಮ್ಮ ಮಗಳು ಈ ವರ್ಷ ಎಷ್ಟು ಎಪಿ ತಗೊಂಡಿದಾಳೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರಿನಲ್ಲಿ ಸಿಇಟಿ ರ‍್ಯಾಂಕ್ ಕೇಳಿದ ಹಾಗೆ ಇಲ್ಲಿ ಎಪಿ ಲೆಕ್ಕ ಕೇಳುತ್ತಾರೆ. ವರ್ಷವಿಡೀ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಮೂರೋ ನಾಲ್ಕೋ ಐದೋ ಬಂದರೆ ಬಹಳಷ್ಟು ಕಾಲೇಜುಗಳು ಆ ವಿಷಯಕ್ಕೆ ಕ್ರೆಡಿಟ್ ಕೊಡುತ್ತವೆ, ಇಲ್ಲವೇ ಮೊದಲ ವರ್ಷದ ಆ ತರಗತಿಯಿಂದ ವಿನಾಯಿತಿ ಕೊಡುತ್ತವೆ.

ನನ್ನ ಜಗಳವೆಲ್ಲ ಈ ವಿನಾಯಿತಿಯಿಂದಲೇ ಶುರುವಾಗುವುದು. ಸಾಹಿತ್ಯದಲ್ಲಿ 5 ತೆಗೆದ ಹುಡುಗಿ ಕಂಪ್ಯೂಟರ್ ಸೈನ್ಸ್ ಓದಲು ಹೋದಳು ಎನ್ನಿ. ಎಷ್ಟೋ ಕಾಲೇಜುಗಳಲ್ಲಿ ಅವಳಿಗೆ ಇಂಗ್ಲಿಷ್ ತರಗತಿಯ ಹಂಗು ಅಲ್ಲಿಗೆ ತೀರಿತು. ಹದಿನೇಳನೇ ವಯಸ್ಸಿನಲ್ಲಿ ನನ್ನ ತರಗತಿಯಲ್ಲಿ ಓದಿದ ಕವಿತೆಯೇ ಅವಳು ಗೆಳೆಯರ ನಡುವೆ ಕೂತು, ಒಬ್ಬ ಮೇಷ್ಟ್ರ ಜೊತೆ ವಾದ ಮಾಡುತ್ತ ಓದಿದ ಕೊನೆಯ ಕವಿತೆ ಆಗಿಬಿಡಬಹುದು. ಸಾಹಿತ್ಯದ ರುಚಿ ಹತ್ತಿದವಳು ಮುಂದೆ ತಾನೇ ಓದಿಕೊಳ್ಳುತ್ತಾಳೆ, ಸರಿ. ಹತ್ತದೇ ಹೋದವಳಿಗೆ ಇನ್ನೊಂದು ಅವಕಾಶವಿಲ್ಲ. ಅಂಥ ತರಗತಿಯನ್ನು ನಡೆಸುವ ಮೇಷ್ಟ್ರನ್ನು ನಾವು ಬೇಸಿಗೆಯಲ್ಲಿ ಹೇಗೆ ತಯಾರು ಮಾಡುತ್ತಿದ್ದೇವೆ?

ಶಿಬಿರ ಸಾಮಾನ್ಯವಾಗಿ ನಾಲ್ಕೈದು ದಿನಗಳದ್ದು, ಒಟ್ಟು 30 ಗಂಟೆ. ಯಾವುದೋ ವಿಶ್ವವಿದ್ಯಾಲಯ ಜಾಗ ಕೊಡುತ್ತದೆ, ಎಪಿ ನಡೆಸುವ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಮುದ್ರೆ ಒತ್ತುತ್ತದೆ. ಶುಲ್ಕ ನೂರಾರು ಡಾಲರ್. ಅದೃಷ್ಟವಿದ್ದರೆ ಶಾಲೆಯವರು ಕಟ್ಟುತ್ತಾರೆ, ಇಲ್ಲದಿದ್ದರೆ ಮೇಷ್ಟ್ರ ಜೇಬಿನಿಂದಲೇ ಹೋಗಬೇಕು. ಇಲ್ಲಿನ ಬಹುಪಾಲು ಮೇಷ್ಟ್ರುಗಳ ಕರಾರು ಹತ್ತು ತಿಂಗಳದ್ದು. ಬೇಸಿಗೆಯ ದಿನಗಳಿಗೆ ಸಂಬಳ ಲೆಕ್ಕವಿಲ್ಲ. ರಜೆಯಲ್ಲಿ ಅಂಗಡಿಯಲ್ಲಿ ನಿಲ್ಲುವವರು, ಮನೆಗಳಿಗೆ ಬಣ್ಣ ಬಳಿಯುವವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಅಂಥವರು ದುಡಿಮೆ ಬಿಟ್ಟು ಬಂದು ಕೂತ 30 ಗಂಟೆಗಳಿವು.

ಆ ಗಂಟೆಗಳು ಹೋಗುವುದು ಮುಖ್ಯವಾಗಿ ರೂಬ್ರಿಕ್ ಎಂಬ ಅಂಕ ಹಾಕುವ ಚೌಕಟ್ಟಿನ ಸೇವೆಗೆ. ಸಾಹಿತ್ಯದ ಪರೀಕ್ಷೆಯಲ್ಲಿ ಮೂರು ಪ್ರಬಂಧಗಳು: ಒಂದು ಕವಿತೆಯ ಮೇಲೆ, ಒಂದು ಗದ್ಯಭಾಗದ ಮೇಲೆ, ಇನ್ನೊಂದು ವಿದ್ಯಾರ್ಥಿಯೇ ಆರಿಸಿಕೊಂಡ ಕೃತಿಯ ಮೇಲೆ. ಪ್ರತಿಯೊಂದಕ್ಕೂ ಆರು ಅಂಕ. ವಾದವನ್ನು ಒಂದು ವಾಕ್ಯದಲ್ಲಿ ಮಂಡಿಸಿದ್ದಕ್ಕೆ 1, ಆಧಾರ ಮತ್ತು ವಿವರಣೆಗೆ 4, ಪ್ರೌಢಿಮೆಗೆ 1. ಹೌದು, ಪ್ರೌಢಿಮೆ ಎಂಬುದಕ್ಕೂ ಒಂದು ಅಂಕದ ಖಾನೆ ಇದೆ. ಹಿಂದಿನ ವರ್ಷಗಳ ವಿದ್ಯಾರ್ಥಿಗಳ ಪ್ರಬಂಧಗಳನ್ನು ನಮಗೆ ಹಂಚುತ್ತಾರೆ. ಅಂಕ ಹಾಕುತ್ತೇವೆ, ಪಕ್ಕದವರು ಎಷ್ಟು ಹಾಕಿದರು ನೋಡುತ್ತೇವೆ, ಬೋರ್ಡ್ ಎಷ್ಟು ಹಾಕಿತ್ತು ಎಂದು ಕೊನೆಗೆ ಗೊತ್ತಾಗುತ್ತದೆ. ನಮ್ಮ ಅಂಕ ಅದಕ್ಕೆ ತಾಳೆಯಾಗುವವರೆಗೆ ಇದೇ ಕೆಲಸ. ತಾಳೆಯಾದ ದಿನ ನಾವು ತಯಾರಾದೆವು ಎಂದು ಅರ್ಥ.

ಒಂದು ಶಿಬಿರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಬೆಳಗ್ಗೆ ಒಂದು ಕವಿತೆ ಕೊಟ್ಟರು. ಓದಲು ಹತ್ತು ನಿಮಿಷ. ಆಮೇಲೆ ಊಟದ ಹೊತ್ತಿನವರೆಗೆ ಆ ಕವಿತೆಯ ಮೇಲೆ ಮಕ್ಕಳು ಬರೆದ ಪ್ರಬಂಧಗಳು. ಹಳ್ಳಿಗಾಡಿನ ಶಾಲೆಯೊಂದರಿಂದ ಬಂದ ಹಿರಿಯ ಶಿಕ್ಷಕಿಯೊಬ್ಬರು ಕೈಯೆತ್ತಿ, ಕವಿತೆಯ ಕೊನೆಯ ಸಾಲಿನಲ್ಲಿ ಮಾತಾಡುತ್ತಿರುವುದು ಯಾರು, ತಾಯಿಯೋ ಮಗಳೋ, ನನಗೆ ಬಗೆಹರಿಯುತ್ತಿಲ್ಲ ಎಂದರು. ಒಳ್ಳೆಯ ಪ್ರಶ್ನೆ. ಅದು ಬಗೆಹರಿಯದೆ ಆ ಕವಿತೆ ತೆರೆದುಕೊಳ್ಳುವುದೇ ಇಲ್ಲ. ತರಬೇತುದಾರರು ನಗುತ್ತಾ ಅದನ್ನು ಹಳದಿ ಚೀಟಿಯೊಂದರಲ್ಲಿ ಬರೆದು ಗೋಡೆಯ ಚಾರ್ಟಿಗೆ ಅಂಟಿಸಿದರು. ಆ ಚಾರ್ಟಿಗೆ ಪಾರ್ಕಿಂಗ್ ಲಾಟ್ ಎಂದು ಹೆಸರು. ವೇಳಾಪಟ್ಟಿಗೆ ಹೊಂದದ ಪ್ರಶ್ನೆಗಳನ್ನು ನಿಲ್ಲಿಸುವ ಜಾಗ. ಗುರುವಾರ ಶಿಬಿರ ಮುಗಿದಾಗಲೂ ಚೀಟಿ ಅಲ್ಲೇ ಇತ್ತು. ಇಪ್ಪತ್ತು ಜನ ಸಾಹಿತ್ಯದ ಮೇಷ್ಟ್ರುಗಳು ಸೇರಿದ್ದ ಕೋಣೆಯಲ್ಲಿ ಸಾಹಿತ್ಯದ ಒಂದೇ ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ. ಅದೇ ಆವರಣದಲ್ಲಿ, ಎರಡು ಕಟ್ಟಡ ದಾಟಿದರೆ, ಇಂಗ್ಲಿಷ್ ವಿಭಾಗವಿತ್ತು. ಕವಿತೆಯನ್ನೇ ಜೀವನವಿಡೀ ಓದಿದ ಪ್ರಾಧ್ಯಾಪಕರು ಅಲ್ಲಿದ್ದರು. ನಾಲ್ಕು ದಿನಗಳಲ್ಲಿ ಅವರಲ್ಲೊಬ್ಬರೂ ನಮ್ಮ ಕೋಣೆಗೆ ಬರಲಿಲ್ಲ, ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಲೂ ಇಲ್ಲ. ವಿಶ್ವವಿದ್ಯಾಲಯದಿಂದ ನಮಗೆ ಸಿಕ್ಕಿದ್ದು ಪ್ರೊಜೆಕ್ಟರು ಮತ್ತು ಏರ್ ಕಂಡೀಷನರು.

ಈ ಕೋರ್ಸಿಗೆ ಒಂದು ವಿಶೇಷವಿದೆ. ಇದಕ್ಕೆ ಪಠ್ಯಪುಸ್ತಕವಿಲ್ಲ. ಇಂಥದ್ದೇ ಕಾದಂಬರಿ ಓದಿಸಬೇಕೆಂದು ಬೋರ್ಡ್ ಹೇಳುವುದಿಲ್ಲ. ಮೂರನೆಯ ಪ್ರಬಂಧದ ಪ್ರಶ್ನೆಯ ಕೆಳಗೆ ಕೃತಿಗಳ ಪಟ್ಟಿಯೊಂದು ಇರುತ್ತದಾದರೂ ಅದರಾಚೆಯ ಕೃತಿಯ ಮೇಲೂ ಬರೆಯಬಹುದು. ಕರ್ನಾಟಕದಲ್ಲಿ ಪಾಠ ಮಾಡುವ ಮೇಷ್ಟ್ರುಗಳಿಗೆ ಈ ಸ್ವಾತಂತ್ರ್ಯ ಕಂಡರೆ ಹೊಟ್ಟೆಕಿಚ್ಚಾದೀತು. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ಅವರು ಪಾಠ ಹೇಳುತ್ತಿದ್ದದ್ದು ಇದೇ ದೇಶದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ನಾಳೆ ಓಹಿಯೋದ ಹುಡುಗನೊಬ್ಬ ಪ್ರಾಣೇಶಾಚಾರ್ಯರ ಬಗ್ಗೆ ಎಪಿ ಪರೀಕ್ಷೆಯಲ್ಲಿ ಬರೆದರೆ ತಡೆಯುವ ನಿಯಮವಿಲ್ಲ. ಆದರೆ ಅವನ ಮೇಷ್ಟ್ರು ಆ ಕಾದಂಬರಿಯನ್ನು ಓದಿರಬೇಕು. ಒಮ್ಮೆ ಓದಿದರೆ ಸಾಲದು. ಅಗ್ರಹಾರವೆಂದರೇನು, ಹೆಣವೊಂದು ಸಂಸ್ಕಾರವಿಲ್ಲದೆ ಬಿದ್ದಿದ್ದರೆ ಊಟ ಯಾಕೆ ನಿಲ್ಲುತ್ತದೆ ಎಂದು ತಿಳಿಯುವಷ್ಟು ಅದರ ಸುತ್ತಮುತ್ತಲನ್ನೂ ಓದಿರಬೇಕು. ಅದಕ್ಕೆ ವಾರಗಳು ಬೇಕು, ಕೇಳಿ ತಿಳಿಯಲು ಬಲ್ಲವರೊಬ್ಬರು ಬೇಕು. ಪುಸ್ತಕವನ್ನು ಗೊತ್ತುಮಾಡದ ಕೋರ್ಸು ನಿಂತಿರುವುದು ಮೇಷ್ಟ್ರ ಓದಿನ ಮೇಲೆ ಮಾತ್ರ. ಆ ಓದಿಗೆ ಬೇಸಿಗೆಯಲ್ಲಿ ಜಾಗ ಕೊಡದಿದ್ದರೆ ಏನಾಗುತ್ತದೋ ಅದೇ ಆಗುತ್ತಿದೆ: ಮೇಷ್ಟ್ರು ತಾವು ಡಿಗ್ರಿಯಲ್ಲಿ ಓದಿದ ನಾಲ್ಕೈದು ಕೃತಿಗಳನ್ನೇ ವರ್ಷ ವರ್ಷ ತಿರುಗಿಸುತ್ತಾರೆ. ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯುತ್ತದೆ.

ಇತಿಹಾಸದ ಮೇಷ್ಟ್ರುಗಳ ಪಾಡು ಇನ್ನೊಂದು ಬಗೆಯದು. ಎಪಿ ವಿಶ್ವ ಇತಿಹಾಸದ ಕೋರ್ಸನ್ನು ಬೋರ್ಡ್ ಕತ್ತರಿಸಲು ಹೊರಟಿತು. ಮೊದಲು 1450ರಿಂದ ಶುರು ಎಂದಿತು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಗಲಾಟೆ ಮಾಡಿದ ಮೇಲೆ 1200ಕ್ಕೆ ಬಂದು ನಿಂತಿತು. 2019ರಿಂದ ಆ ಕೋರ್ಸಿನ ಕಾಲಗಣನೆ ಅಲ್ಲಿಂದಲೇ. ಕನ್ನಡದವರು ಈ ಗೆರೆ ಎಲ್ಲಿ ಬಿದ್ದಿದೆ ನೋಡಬೇಕು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ಕಲ್ಯಾಣ ಹನ್ನೆರಡನೆಯ ಶತಮಾನದ್ದು; ಕೋರ್ಸು ಶುರುವಾಗುವುದು ಅದು ಮುಗಿದ ಮೇಲೆ. ಚೌಕಟ್ಟಿನಲ್ಲಿ ಭಕ್ತಿ ಚಳವಳಿ ಎಂಬ ಪದ ಉದಾಹರಣೆಯಾಗಿ ಇದೆ, ವಿಜಯನಗರವೂ ಇದೆ. ಆದರೆ ಭಕ್ತಿ ಎಲ್ಲಿಂದ ಬಂತು, ಯಾರ ವಿರುದ್ಧ ಹುಟ್ಟಿತು ಎಂದು ವಿದ್ಯಾರ್ಥಿ ಕೇಳಿದರೆ ಉತ್ತರ ಗೆರೆಯ ಆಚೆ ಇದೆ. ಪರೀಕ್ಷೆಗೆ ಬೇಕಾದಷ್ಟನ್ನೇ ಕಲಿಸುವ ತರಬೇತಿಯಿಂದ ಬಂದ ಮೇಷ್ಟ್ರಿಗೆ ಗೆರೆಯ ಆಚೆ ಏನಿದೆ ಎಂದು ತಿಳಿಯುವುದು ಹೇಗೆ?

ನನಗೆ ಎದುರು ಹೇಳುವವರ ಮಾತನ್ನೂ ಕೇಳೋಣ. ಮೊದಲ ಸಲ ಎಪಿ ಕಲಿಸುವ ಇಪ್ಪತ್ತೈದು ವರ್ಷದ ಶಿಕ್ಷಕಿಗೆ ಪರೀಕ್ಷೆಯ ಸ್ವರೂಪ ಗೊತ್ತಿರಲೇಬೇಕು, ಇಲ್ಲದಿದ್ದರೆ ಅವಳ ಮಕ್ಕಳಿಗೆ ಅನ್ಯಾಯ ಎನ್ನುತ್ತಾರೆ. ನಿಜ. ಬಡವರ ಬಡಾವಣೆಯ ಶಾಲೆಗೂ ಶ್ರೀಮಂತರ ಶಾಲೆಗೂ ಒಂದೇ ಅಳತೆಗೋಲು ಬೇಕು, ರೂಬ್ರಿಕ್ ಕೊಡುವುದು ಅದನ್ನೇ ಎನ್ನುತ್ತಾರೆ. ಇದು ಗಟ್ಟಿ ಮಾತು. ತರಬೇತುದಾರರಲ್ಲಿ ಹೆಚ್ಚಿನವರು ಅನುಭವಿ ಮೇಷ್ಟ್ರುಗಳು, ಒಳ್ಳೆಯವರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಅಳತೆಗೋಲನ್ನು ಅರ್ಥ ಮಾಡಿಕೊಳ್ಳಲು ಒಂದು ದಿನ ಸಾಕು. ಆರು ಅಂಕಗಳ ಚೌಕಟ್ಟಿಗೆ ನಾಲ್ಕು ದಿನ ಯಾಕೆ? ಆ ಅಳತೆಗೋಲಾದರೂ ಅಷ್ಟು ಅಲುಗಾಡದ್ದೇ? 2021ರಲ್ಲಿ ಎಪಿ ಸಾಹಿತ್ಯ ಬರೆದವರಲ್ಲಿ 3 ಅಥವಾ ಹೆಚ್ಚು ಪಡೆದವರು ಸುಮಾರು ಶೇ. 44. ಮರುವರ್ಷ ಸುಮಾರು ಶೇ. 78. ಒಂದೇ ವರ್ಷದಲ್ಲಿ ದೇಶದ ಮಕ್ಕಳೆಲ್ಲ ಕವಿತೆ ಓದುವುದನ್ನು ಕಲಿತುಬಿಟ್ಟರೇ? ಬೋರ್ಡ್ ಯಾವ ಮೊತ್ತಕ್ಕೆ ಯಾವ ಅಂಕ ಎಂಬ ಗೆರೆಗಳನ್ನು ಹೊಸದಾಗಿ ಎಳೆಯಿತು, ಅಷ್ಟೇ. ಯಾವ ಗೆರೆಗಳಿಗಾಗಿ ನಮ್ಮ ಬೇಸಿಗೆಗಳನ್ನು ಕೊಟ್ಟೆವೋ ಅವನ್ನು ಬೋರ್ಡ್ ಬೇಕೆಂದಾಗ ಸರಿಸಬಹುದು. ಮೇಷ್ಟ್ರು ಓದಿಕೊಂಡ ಕಾದಂಬರಿಯನ್ನು ಯಾರೂ ಸರಿಸಲಾರರು.

ಸಮಾನತೆಯ ಮಾತಿಗೂ ಉತ್ತರವಿದೆ. ಎಪಿ ಹುಟ್ಟಿದ್ದೇ ಸಿರಿವಂತರ ಅಂಗಳದಲ್ಲಿ. 1950ರ ದಶಕದ ಆರಂಭದಲ್ಲಿ ಆಂಡೋವರ್, ಎಕ್ಸಿಟರ್, ಲಾರೆನ್ಸ್‌ವಿಲ್ ಎಂಬ ಮೂರು ಖಾಸಗಿ ಶಾಲೆಗಳೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳೂ ಫೋರ್ಡ್ ಫೌಂಡೇಷನ್ನಿನ ಹಣದಲ್ಲಿ ಕೂತು ಯೋಚಿಸಿದವು. 1955ರಲ್ಲಿ ಕಾಲೇಜ್ ಬೋರ್ಡ್ ಇದನ್ನು ವಹಿಸಿಕೊಂಡಿತು. ಈಗ ಪ್ರತಿ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಒಂದೊಂದು ಪರೀಕ್ಷೆಗೆ ನೂರು ಡಾಲರಿನ ಆಸುಪಾಸು ಕೊಟ್ಟು ಬರೆಯುತ್ತಾರೆ. ಆದರೆ 2018ರಲ್ಲಿ ವಾಷಿಂಗ್ಟನ್ ಸುತ್ತಮುತ್ತಲಿನ ಎಂಟು ಹೆಸರಾಂತ ಖಾಸಗಿ ಶಾಲೆಗಳು ತಾವು ಎಪಿಯನ್ನು ಕೈಬಿಡುವುದಾಗಿ ಒಟ್ಟಾಗಿ ಘೋಷಿಸಿದವು. ತಮ್ಮ ಮೇಷ್ಟ್ರುಗಳೇ ಕೋರ್ಸು ರೂಪಿಸಲಿ, ಆಳವಾಗಿ ಕಲಿಸಲಿ ಎಂಬುದು ಅವರ ವಾದ. ಉಳ್ಳವರ ಮಕ್ಕಳಿಗೆ ಸ್ವಂತ ಓದಿನಿಂದ ಪಾಠ ಕಟ್ಟುವ ಮೇಷ್ಟ್ರು, ಇಲ್ಲದವರ ಮಕ್ಕಳಿಗೆ ಚೌಕಟ್ಟು ತುಂಬಿಸುವ ಮೇಷ್ಟ್ರು. ಇದನ್ನು ಸಮಾನತೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬೇರೆ ದಾರಿ ಇಲ್ಲವೆಂದು ಮಾತ್ರ ಯಾರೂ ಹೇಳಬೇಡಿ. ಇದೇ ಕಾಲೇಜ್ ಬೋರ್ಡ್ ನೇಮಿಸಿದ್ದ ಇಂಗ್ಲಿಷ್ ಆಯೋಗವು 1962ರ ಬೇಸಿಗೆಯಲ್ಲಿ 20 ವಿಶ್ವವಿದ್ಯಾಲಯಗಳಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ಶಿಬಿರ ನಡೆಸಿತ್ತು. ಅಲ್ಲಿದ್ದ ವಿಷಯಗಳು ಮೂರು: ಭಾಷೆ, ಸಾಹಿತ್ಯ, ಬರವಣಿಗೆ. ಅಂದರೆ ಮೇಷ್ಟ್ರು ಬೇಸಿಗೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಬೇಕು ಎಂಬ ಬುದ್ಧಿ ಬೋರ್ಡಿಗೆ ಆಗ ಇತ್ತು. ವರ್ಮಾಂಟ್‌ನ ಗುಡ್ಡಗಳ ನಡುವೆ ಬ್ರೆಡ್ ಲೋಫ್ ಎಂಬ ಬೇಸಿಗೆ ಶಾಲೆ 1920ರಿಂದ ಇದೆ. ಮೇಷ್ಟ್ರುಗಳು ಬೇಸಿಗೆಯಿಂದ ಬೇಸಿಗೆಗೆ ಬಂದು ಸಾಹಿತ್ಯದಲ್ಲಿ ಎಂ.ಎ. ಮಾಡುತ್ತಾರೆ. ಯೇಲ್ ವಿಶ್ವವಿದ್ಯಾಲಯ ತನ್ನೂರಾದ ನ್ಯೂ ಹೇವನ್‌ನ ಸರ್ಕಾರಿ ಶಾಲೆಯ ಮೇಷ್ಟ್ರುಗಳನ್ನು 1978ರಿಂದ ಪ್ರಾಧ್ಯಾಪಕರ ಜೊತೆ ಕೂರಿಸಿಕೊಂಡು ಪಾಠಗಳನ್ನು ಬರೆಸುತ್ತಿದೆ. ಕೇಂದ್ರ ಸರ್ಕಾರದ ಮಾನವಿಕ ದತ್ತಿ ಸಂಸ್ಥೆ 1980ರ ದಶಕದಿಂದ ಮೇಷ್ಟ್ರುಗಳಿಗೆ ಭತ್ಯೆ ಕೊಟ್ಟು ವಾರಗಟ್ಟಲೆ ಒಂದೇ ವಿಷಯವನ್ನೋ ಲೇಖಕನನ್ನೋ ಓದಿಸುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಆ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿತು. ಆ ಬೇಸಿಗೆಯ ಮೇಷ್ಟ್ರುಗಳ ಶಿಬಿರಗಳಿಗೂ ಏಟು ಬಿತ್ತು. ದುಡ್ಡು ಕೊಟ್ಟು ಓದಿಸುವ ಶಿಬಿರಗಳ ಮೇಲೆ ಕತ್ತರಿ ಆಡುತ್ತಿರುವಾಗ, ದುಡ್ಡು ಕಟ್ಟಿಸಿಕೊಂಡು ಅಂಕ ಹಾಕಿಸುವ ಶಿಬಿರಗಳು ಎಂದಿನಂತೆ ನಡೆದಿವೆ.

ನಮ್ಮಲ್ಲಿ ಹೆಗ್ಗೋಡಿಗೆ ಹೋಗಿ ನೀನಾಸಂ ಶಿಬಿರದಲ್ಲಿ ಕೂತು ಬಂದವರಿಗೆ ನಾನು ಏನು ಕೇಳುತ್ತಿದ್ದೇನೆಂದು ವಿವರಿಸಬೇಕಿಲ್ಲ. ಒಂದು ಕೃತಿ, ಅದನ್ನು ಬಲ್ಲವರೊಬ್ಬರು, ವಾದಿಸಲು ಬಿಡುವು. ಆಮೇಲೆ ಊರಿಗೆ ಮರಳಿದ ಮೇಷ್ಟ್ರು ಮೊದಲಿನ ಹಾಗೆ ಪಾಠ ಮಾಡುವುದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಇಷ್ಟೇ. ಪರೀಕ್ಷೆ, ರೂಬ್ರಿಕ್, ಆನ್‌ಲೈನ್ ಸಲಕರಣೆಗಳನ್ನು ಮೊದಲ ದಿನವೇ ಮುಗಿಸಿ. ಉಳಿದ ದಿನಗಳಲ್ಲಿ ಮೇಷ್ಟ್ರುಗಳು ಮೊದಲು ಓದಿರದ ಒಂದು ಕಷ್ಟದ ಕೃತಿಯನ್ನು ಕೈಗಿಡಿ. ಶಿಬಿರಕ್ಕೆ ಜಾಗ ಕೊಡುವ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರನ್ನೂ ಕೊಡಲಿ. ಇದು ಕಾಲೇಜು ಮಟ್ಟದ ಪಾಠವೆಂದು ಹೇಳಿಕೊಳ್ಳುವವರು ಆ ಮಟ್ಟದ ಓದನ್ನು ಕಲಿಸುವವರಿಗೂ ಒದಗಿಸಲಿ. ಮೇಷ್ಟ್ರಿಂದ ಶುಲ್ಕ ಕೀಳುವುದನ್ನು ಬಿಟ್ಟು ಆ ದಿನಗಳಿಗೆ ಸಂಬಳ ಕೊಡಲಿ. ಬೋರ್ಡ್ ಲಾಭವಿಲ್ಲದ ಸಂಸ್ಥೆ ಎನ್ನುತ್ತಾರೆ; ಅದರ ವಾರ್ಷಿಕ ಆದಾಯ ನೂರು ಕೋಟಿ ಡಾಲರು ದಾಟಿದ ವರ್ಷಗಳಿವೆ. ಆ ಹಣ ಬಂದಿದ್ದು ನಮ್ಮ ಮಕ್ಕಳ ಮನೆಗಳಿಂದಲೇ.

ಊಟದ ಮನೆಗಳಲ್ಲಿ ಎಪಿ ಲೆಕ್ಕ ಕೇಳುವ ನಮ್ಮ ಕನ್ನಡದ ತಂದೆತಾಯಂದಿರಿಗೂ ಒಂದು ಮಾತು. ಶಾಲೆಯ ಸಭೆಗೆ ಹೋದಾಗ "ಕಳೆದ ವರ್ಷ ಎಷ್ಟು ಮಕ್ಕಳಿಗೆ 5 ಬಂತು?" ಎಂದು ಕೇಳುತ್ತೀರಿ. ಈ ಸಲ ಸಾಹಿತ್ಯದ ಮೇಷ್ಟ್ರ ಹತ್ತಿರ ಹೋಗಿ, ಬೇಸಿಗೆಯಲ್ಲಿ ಏನು ಓದಿದಿರಿ ಎಂದು ಕೇಳಿ. ಉತ್ತರ ಕೊಡಲು ಅವರು ತಡವರಿಸಿದರೆ ಅವರ ಮೇಲೆ ರೇಗಬೇಡಿ. ಅವರಿಗೆ ಓದಲು ಬೇಸಿಗೆ ಕೊಡಿ ಎಂದು ಶಾಲಾ ಮಂಡಳಿಯ ಮುಂದೆ ಎದ್ದು ನಿಂತು ಕೇಳಿ.