ಬಲಕ್ಕೆ ಹೊರಳುವ ಚೆಂಡು

ಸ್ಮರಣ ಸಂಚಿಕೆಗೆ ಆರೋಗ್ಯದ ಬಗೆಗೆ ಬರೆಯಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ಮಧುಮೇಹ, ರಕ್ತದೊತ್ತಡಗಳನ್ನು ವೈದ್ಯಮಿತ್ರರಿಗೇ ಬಿಟ್ಟು, ಗಾಲ್ಫ್ ಆಟದ ಒಂದು ದೋಷವನ್ನು ಕುರಿತು ಬರೆಯಲು ನಿಶ್ಚಯಿಸಿದೆ. ಇದು ಸಿರಿವಂತರ ಆಟವಲ್ಲವೇ ಎಂದು ಕೆಲವರು ಹುಬ್ಬೇರಿಸಬಹುದು. ದೆಹಲಿಯ ಲಾಡೊ ಸರಾಯಿಯಲ್ಲಿ ಸಾರ್ವಜನಿಕರಿಗೆ ತೆರೆದ ಮೈದಾನವಿದೆ. ನನ್ನಂಥ ನಿವೃತ್ತ ನೌಕರನಿಗೂ ಅಲ್ಲಿ ಪ್ರವೇಶವುಂಟು.

ಹೊಡೆದ ಚೆಂಡು ಹೊರಡುವಾಗ ನೆಟ್ಟಗಿದ್ದು, ಅನಂತರ ಬಲಕ್ಕೆ ಬಾಗಿ ಪೊದೆ ಸೇರುವುದೇ ಆ ದೋಷ. ಆಟಗಾರರು ಇದನ್ನು ಸ್ಲೈಸ್ ಎನ್ನುತ್ತಾರೆ. ನಾಲ್ಕು ವರ್ಷ ನಾನು ಇದಕ್ಕೆ ಮಾಡಿದ ಮದ್ದು ಎರಡು: ಎಡಕ್ಕೆ ಗುರಿಯಿಡುವುದು, ಇನ್ನಷ್ಟು ಬಲವಾಗಿ ಬೀಸುವುದು. ಚೆಂಡು ಮತ್ತೂ ಬಲಕ್ಕೆ ಹೋಯಿತು. ಒಂದು ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲಾರದೆ ಹೋದೆ. ಆರು ವಾರ ಕೋಲು ಮುಟ್ಟಕೂಡದೆಂದು ವೈದ್ಯರು ವಿಧಿಸಿದರು. ಆ ಬಿಡುವಿನಲ್ಲಿಯೇ ನಾನು ಯೋಚಿಸಲು ಕಲಿತದ್ದು.

ಚೆಂಡು ಮೊದಲು ಹೊರಡುವುದು ಕೋಲು ಬೀಸಿದ ದಿಕ್ಕಿಗೆ ಎಂದು ಹಳೆಯ ಪುಸ್ತಕಗಳು ಬೋಧಿಸುತ್ತಿದ್ದವು. ರೇಡಾರ್ ಯಂತ್ರಗಳ ಅಳತೆ ಬಂದ ಮೇಲೆ ಈ ಮಾತು ಬಿದ್ದುಹೋಯಿತು. ಕೋಲಿನ ಮುಖ ನೋಡುವ ಕಡೆಗೇ ಚೆಂಡು ಬಹುಪಾಲು ಹೊರಡುತ್ತದೆ. ಮುಖಕ್ಕೂ ಬೀಸಿನ ಹಾದಿಗೂ ಇರುವ ಅಂತರ ಅದನ್ನು ಬಾಗಿಸುತ್ತದೆ. ಎಡಕ್ಕೆ ಗುರಿಯಿಟ್ಟಾಗ ಹಾದಿ ಎಡಕ್ಕೆ ತಿರುಗಿ, ಮುಖ ಮಾತ್ರ ತೆರೆದೇ ಉಳಿಯುವುದರಿಂದ ಅಂತರ ಹಿಗ್ಗುತ್ತದೆ. ನನ್ನ ಮದ್ದೇ ರೋಗವನ್ನು ಬೆಳೆಸಿತ್ತು!

ಆದುದರಿಂದ ಮೊದಲು ತಿದ್ದಬೇಕಾದುದು ಹಿಡಿತ. ಎಡಗೈಯನ್ನು ತುಸು ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದಾಗ ಎರಡು ಮೂರು ಗೆಣ್ಣುಗಳು ಕಾಣುವಂತೆ ಹಿಡಿಯಬೇಕು; ಬಿಗಿ ಮುಷ್ಟಿ ಬೇಡ. ಬಳಿಕ ಹಾದಿ. ಚೆಂಡಿನ ಆಚೆ ಬದಿಗೆ, ತುಸು ಹಿಂದಕ್ಕೆ, ಗೇಣು ದೂರದಲ್ಲಿ ಕೋಲಿನ ತಲೆಗೆ ತೊಡಿಸುವ ಬಟ್ಟೆಯ ಗವಸನ್ನಿಟ್ಟು ಅರ್ಧ ಬೀಸು ಅಭ್ಯಾಸ ಮಾಡಿದೆ. ಕೋಲು ಆಚೆಯಿಂದ ಅಡ್ಡಲಾಗಿ ಇಳಿದರೆ ಗವಸು ಹಾರುತ್ತದೆ. ಮೊದಲ ವಾರವೆಲ್ಲ ಹಾರಿದ್ದು ಗವಸೇ. ದಾರಿಹೋಕರೆಲ್ಲ ‘ತಲೆ ಎತ್ತಬೇಡಿ’ ಎಂದು ಪುಕ್ಕಟೆ ಸಲಹೆ ಕೊಡುತ್ತಿದ್ದರು. ನನ್ನ ತಲೆಯಲ್ಲಿ ಯಾವ ದೋಷವೂ ಇರಲಿಲ್ಲ.

ಬೆನ್ನಿನ ವಿಷಯ ಇನ್ನೂ ಮುಖ್ಯ. ಸೊಂಟದ ಭಾಗದ ಬೆನ್ನುಮೂಳೆ ತಿರುಗುವುದು ಸ್ವಭಾವತಃ ಅಲ್ಪವೇ. ತಿರುಗಬೇಕಾದವು ತೊಡೆಯ ಕೀಲುಗಳು ಮತ್ತು ಎದೆಯ ಭಾಗ. ಮೂವತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಕುಳಿತ ನಮ್ಮಂಥವರಲ್ಲಿ ಇವೆರಡೂ ಬಿಗಿದಿರುತ್ತವೆ. ಹೊರೆಯೆಲ್ಲ ಸೊಂಟದ ಮೇಲೆ ಬೀಳುತ್ತದೆ. ಆಟಕ್ಕೆ ಮುನ್ನ ಹತ್ತು ನಿಮಿಷ ನಡೆದು, ಮೈ ತಿರುಗಿಸಿ, ಸಣ್ಣ ಹೊಡೆತಗಳಿಂದ ಆರಂಭಿಸುವುದು ಕ್ಷೇಮ. ನೋವು ಕಾಲಿಗೆ ಇಳಿದರೆ ವೈದ್ಯರಲ್ಲಿಗೆ ಹೋಗಬೇಕು, ಮೈದಾನಕ್ಕಲ್ಲ.

ಬಲಪ್ರದರ್ಶನವೇ ಆಟವೆಂದು ನಂಬಿದವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೋಡಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯ ಸ್ಥಾನಕ್ಕೇರಿದ್ದು ದೂರದ ಹೊಡೆತದಿಂದಲ್ಲ.

ಈಗಲೂ ನನ್ನ ಹತ್ತು ಚೆಂಡುಗಳಲ್ಲಿ ಎರಡು ಬಲಕ್ಕೇ ಹೋಗುತ್ತವೆ. ಅವನ್ನು ಪೊದೆಯಿಂದ ನಾನೇ ಬಗ್ಗಿ ಹೆಕ್ಕಿಕೊಳ್ಳುತ್ತೇನೆ.